ಎರಡು ಕಾರು, ಒಂದು ಹೊಟ್ಟೆ

ಹಾಸಿಗೆ ಕಾರ್ಖಾನೆಯ ಉಗ್ರಾಣದ ಮೇಲ್ವಿಚಾರಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ಕವರಣ್ಣ. ಅವನ ಪ್ಯಾಂಟಿನ ಎಡ ಜೇಬಿನಲ್ಲಿ ಮೂರು ಪ್ಲಾಸ್ಟಿಕ್ ಕವರುಗಳು ನಾಲ್ಕಾಗಿ ಮಡಚಿಕೊಂಡು ಸದಾ ಸಿದ್ಧವಾಗಿ ಕೂತಿರುತ್ತಿದ್ದವು. ಬಸ್ಸು ಹತ್ತಿದರೆ ಎರಡನೆಯ ಸ್ಟಾಪಿನೊಳಗೆ ಮೊದಲನೆಯ ಕವರು ಹೊರಗೆ ಬರುತ್ತಿತ್ತು. ಮದುವೆಯಾದ ದಿನ ಹೊಸ ಹೆಂಡತಿಯ ಪಕ್ಕದಲ್ಲಿ ಬಾಡಿಗೆ ಕಾರಿನಲ್ಲಿ ಕೂತು ಅವನು ಆಡಿದ ಮೊದಲ ಮಾತು, “ಸ್ವಲ್ಪ ಆ ಕಡೆ ತಿರುಗ್ಕೋ.” ಲಿಫ್ಟು, ಉಯ್ಯಾಲೆ, ತಿರುಗುವ ಕುರ್ಚಿ, ಇವ್ಯಾವುವೂ ಅವನಿಗೆ ಆಗಿಬರುತ್ತಿರಲಿಲ್ಲ. ಹೀಗಾಗಿ ಇಪ್ಪತ್ತೆರಡು ವರ್ಷ ಮನೆಯಿಂದ ಕಾರ್ಖಾನೆಗೆ ನಡೆದೇ ಹೋಗಿದ್ದ. ಸರಿಯಾಗಿ ಹದಿನೆಂಟು ನಿಮಿಷದ ದಾರಿ.

ಇನ್ನು ಭಯದ ವಿಷಯ. ಕವರಣ್ಣನಿಗೆ ಲೋಕದಲ್ಲಿ ಎಲ್ಲವನ್ನೂ ಕಂಡರೆ ಭಯ, ಆದರೆ ಒಂದು ಸಲಕ್ಕೆ ಒಂದೇ ಭಯ. ಯಾವುದು ಹತ್ತಿರವಿದೆಯೋ ಅದೇ ದೊಡ್ಡದು. ಗೇಟಿನ ಹತ್ತಿರ ನಾಯಿ ಕಂಡರೆ ಮನೆಯೊಳಗಿನ ಹೆಂಡತಿ ಮರೆತುಹೋಗುತ್ತಿದ್ದಳು, ಹೆಂಡತಿ ಹೊರಗೆ ಬಂದರೆ ನಾಯಿ ಮರೆತುಹೋಗುತ್ತಿತ್ತು. ಮುಂದೆ ನಡೆದ ಅನಾಹುತಕ್ಕೆಲ್ಲ ಈ ಗುಣವೇ ಕಾರಣವೆಂದು ಈಗಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ಅವನನ್ನು ಬೈಯಬಾರದು.

ಆ ವರ್ಷ ಕಾರ್ಖಾನೆಯ ಯಜಮಾನರು ಬೆಟ್ಟದಾಚೆ ಹೊಸ ಕಟ್ಟಡ ಕಟ್ಟಿಸಿದರು. ಉಗ್ರಾಣವೂ ಅಲ್ಲಿಗೇ ಹೋಗುತ್ತದೆ, ನೌಕರರು ದಿನಾ ಕಂಪನಿಯ ವ್ಯಾನಿನಲ್ಲಿ ಬಂದು ಹೋಗಬೇಕು ಎಂದು ನೋಟಿಸು ಬಿತ್ತು. ಬೆಟ್ಟದ ರಸ್ತೆಗೆ ಹನ್ನೆರಡು ತಿರುವು. ಹೋಗುವಾಗ ಹನ್ನೆರಡು, ಬರುವಾಗ ಹನ್ನೆರಡು, ಜೇಬಿನಲ್ಲಿ ಮೂರೇ ಕವರು. ಕವರಣ್ಣ ಆ ನೋಟಿಸನ್ನು ನಿಂತೇ ಓದಿದ, ಓದಿ ಮುಗಿಸುವಾಗ ಕೂತಿದ್ದ. ಮರುದಿನವೇ “ಈ ಬಡವನನ್ನು ಹಳೆಯ ಜಾಗದಲ್ಲೇ ಉಳಿಸಿಕೊಳ್ಳಬೇಕು, ವ್ಯಾನು ನನ್ನ ದೇಹಕ್ಕೆ ಒಗ್ಗುವುದಿಲ್ಲ” ಎಂದು ಅರ್ಜಿ ಬರೆದು ಕೊಟ್ಟ.

ಯಜಮಾನರು ಕರೆಸಿದರು.

“ಈ ಅರ್ಜಿ ನಿಜಾನಾ? ಈಗ್ಲೂ ವಾಂತಿ ಆಗುತ್ತಾ?”

“ಆಗುತ್ತೆ ಸಾರ್. ಬೇಕಾದ್ರೆ ಈಗ್ಲೇ ಆಗುತ್ತೆ.”

ಯಜಮಾನರ ಮುಖ ಅರಳಿತು. ಅದು ಯಾಕೆ ಅರಳಿತೆಂದು ತಿಳಿಯಬೇಕಾದರೆ ಅವರ ಕಾರ್ಖಾನೆಯ ಪದ್ಧತಿ ತಿಳಿದಿರಬೇಕು. ಯಾವ ವಸ್ತುವನ್ನಾದರೂ ಅದರ ಕಾಯಿಲೆ ಇರುವವನ ಮೇಲೆಯೇ ಪರೀಕ್ಷೆ ಮಾಡಬೇಕು ಎಂಬುದು ಅವರ ಸಿದ್ಧಾಂತ. ಹೊಸ ಹಾಸಿಗೆ ತಯಾರಾದರೆ ಇಪ್ಪತ್ತು ವರ್ಷದಿಂದ ನಿದ್ದೆ ಬಾರದ ಲೆಕ್ಕಿಗನನ್ನು ಅದರ ಮೇಲೆ ಮಲಗಿಸುತ್ತಿದ್ದರು. ಅವನು ಗೊರಕೆ ಹೊಡೆದರೆ ಹಾಸಿಗೆ ಪಾಸು. ದಿಂಬು ಬಂದರೆ ಕತ್ತು ನೋವಿನ ಟೈಪಿಸ್ಟು. ಈ ಪದ್ಧತಿಯಿಂದ ಹಾಸಿಗೆಗಳು ಹೆಸರು ಮಾಡಿದ್ದವು, ನೌಕರರು ತಮ್ಮ ತಮ್ಮ ಕಾಯಿಲೆಗಳನ್ನು ಕೆಲಸದ ಅರ್ಹತೆಯಂತೆ ಜೋಪಾನ ಮಾಡಿಕೊಂಡಿದ್ದರು.

“ನೋಡು,” ಎಂದರು ಯಜಮಾನರು. “ನಾನೊಂದು ಕಾರು ತಗೋಬೇಕು. ಕರೀದೊಂದು, ಬಿಳೀದೊಂದು ನೋಡಿಟ್ಟಿದೀನಿ. ಮೂರು ತಿಂಗಳಿಂದ ಪುಸ್ತಕ ಓದಿ ಓದಿ ಕಣ್ಣು ಹೋಯ್ತು. ಎರಡಕ್ಕೂ ಐನೂರು ಕುದುರೆ ಶಕ್ತಿ. ಒಂದು ನಾಲ್ಕು ಸೆಕೆಂಡಿಗೆ ನೂರು ಮುಟ್ಟುತ್ತೆ, ಇನ್ನೊಂದು ನಾಲ್ಕು ಸೆಕೆಂಡು ಮತ್ತೆ ಒಂದು ಚಿಟಿಕೆ. ಕರೀದ್ರಲ್ಲಿ ಗಾಳಿ ಮೇಲೆ ತೇಲೋ ಸಸ್ಪೆನ್ಷನ್ನು. ಬಿಳೀದ್ರಲ್ಲಿ ಸೀಟೇ ಬೆನ್ನು ಒತ್ತುತ್ತೆ. ಯಾವುದು ಅಂತ ಹೇಗೆ ನಿರ್ಧಾರ ಮಾಡ್ಲಿ? ಅಮ್ಮ ಬೇರೆ ಹನ್ನೊಂದು ವರ್ಷದಿಂದ ವಾಂತಿ ಆಗುತ್ತೆ ಅಂತ ಕಾರೇ ಹತ್ತಿಲ್ಲ. ಹೊಸ ಕಟ್ಟಡಕ್ಕೆ ಅವರನ್ನ ಕರ್ಕೊಂಡು ಹೋಗ್ಬೇಕು. ಆಗ ನಿನ್ನ ಅರ್ಜಿ ಬಂತು!”

ಕವರಣ್ಣ ಎಡ ಜೇಬನ್ನು ಮುಟ್ಟಿ ನೋಡಿಕೊಂಡ.

“ನಾಳೆ ಎಂಟಕ್ಕೆ ಎರಡು ಕಾರೂ ನಿನ್ನ ಮನೆ ಮುಂದೇನೇ ಬರುತ್ವೆ. ಹೊಟ್ಟೆ ತುಂಬ ತಿಂದಿರು. ಹಿಂದೆ ಕೂತ್ಕೋ, ನಾನು ಓಡಿಸ್ತೀನಿ. ಯಾವುದ್ರಲ್ಲಿ ನಿನಗೆ ಆಗಲ್ವೋ ಅದು ನನ್ನ ಕಾರು. ನಿನ್ನ ಅರ್ಜೀನೂ ಅಲ್ಲೇ ಇತ್ಯರ್ಥ. ಒಂದರಲ್ಲಾದ್ರೂ ಆಯ್ತಾ, ನಿನ್ನದು ನಿಜವಾದ ಕಾಯಿಲೆ, ಇಲ್ಲೇ ಇರು. ಎರಡ್ರಲ್ಲೂ ಆಗ್ಲಿಲ್ವಾ, ಸೋಮವಾರದಿಂದ ವ್ಯಾನ್ ಹತ್ತು.”

ಲೋಕದಲ್ಲಿ ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ. ತನಗೆ ಬರುವ ಒಂದೇ ವಿದ್ಯೆಯನ್ನು ಪ್ರದರ್ಶಿಸಿದರೆ ಸಾಕು, ಬದುಕು ಹದಿನೆಂಟು ನಿಮಿಷದ ದಾರಿಯಲ್ಲೇ ಉಳಿಯುತ್ತದೆ. ಕವರಣ್ಣ ಅರ್ಧ ದಾರಿಯವರೆಗೆ ಸಂತೋಷವಾಗಿಯೇ ನಡೆದ. ಮಿಕ್ಕ ಅರ್ಧ ದಾರಿಯಲ್ಲಿ, ಹೆಂಡತಿಗೆ ಏನು ಹೇಳುವುದೆಂಬ ಹೊಸ ಭಯ ಹತ್ತಿರವಾಯಿತು. “ನನ್ನನ್ನು ವಾಂತಿ ಮಾಡಿಸಲು ಕರೆದೊಯ್ಯುತ್ತಾರೆ” ಎಂದು ಯಾವ ಗಂಡಸು ತಾನೇ ಹೆಂಡತಿಯ ಮುಂದೆ ಹೇಳಿಯಾನು?

“ಯಜಮಾನರು ದೊಡ್ಡ ಕಾರು ತಗೋತಾರೆ,” ಎಂದ ಚಪ್ಪಲಿ ಬಿಡುತ್ತ. “ಎರಡು ನೋಡಿದಾರೆ. ಯಾವುದು ಅಂತ ತೀರ್ಮಾನ ಮಾಡೋದು ನಾನು.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಹೆಂಡತಿ ಇದನ್ನು ಪಕ್ಕದ ಮನೆಯ ದರ್ಜಿಯಮ್ಮನಿಗೆ ಹೇಳುವಾಗಲೂ ಹೆಚ್ಚೇನೂ ಸೇರಿಸಲಿಲ್ಲ, ಯಜಮಾನರನ್ನು ಮಾತ್ರ ಬಿಟ್ಟಳು. ದರ್ಜಿಯಮ್ಮ ಅಳತೆಗೆ ಬಂದವರಿಗೆಲ್ಲ ಅಷ್ಟಗಲ ಮಾಡಿ ಕೊಟ್ಟಳು. ಸಂಜೆ ಆರು ಗಂಟೆಗೆ ಕವರಣ್ಣ ಎರಡು ದುಬಾರಿ ಕಾರು ನೋಡಿಟ್ಟಿದ್ದಾನೆ ಎಂದು ಬೀದಿಗೆ ಬೀದಿಯೇ ಮಾತಾಡಿಕೊಂಡಿತು. ಆರೂವರೆಗೆ ಮಹಡಿ ಮನೆಯ ನಿವೃತ್ತ ಹೆಡ್‌ಮಾಸ್ತರರು ಬಂದು, “ಮೈಲೇಜ್ ವಿಚಾರಿಸಿದ್ಯೇನಪ್ಪ? ಆಮೇಲೆ ಪೆಟ್ರೋಲಿಗೆ ಒದ್ದಾಡ್ಬೇಡ,” ಎಂದು ಎಚ್ಚರಿಸಿ ಹೋದರು. ಏಳಕ್ಕೆ ಹೆಂಡತಿಯ ತಮ್ಮ ಔಷಧಿ ಅಂಗಡಿಯನ್ನು ಅರ್ಧಕ್ಕೇ ಮುಚ್ಚಿ ಓಡಿಬಂದ. ಬಂದವನೇ ಬಾಗಿಲು ಹಾಕಿ, ಕಿಟಕಿ ಹಾಕಿ, ಮೆಲ್ಲಗೆ ಕೇಳಿದ.

“ಭಾವ, ನನ್ನ ಹತ್ರ ಮುಚ್ಚಿಡ್ಬೇಡಿ. ಎಷ್ಟು ಹಾಸಿಗೆ ಮಾರಿದ್ರಿ?”

ಕವರಣ್ಣ ಕಣ್ಣಲ್ಲಿ ನೀರು ತಂದುಕೊಂಡು ಇದ್ದದ್ದನ್ನೆಲ್ಲ ಹೇಳಿದ. ಭಾವಮೈದುನ ನಿಟ್ಟುಸಿರು ಬಿಟ್ಟು ಜೇಬಿನಿಂದ ಮೂರು ಮಾತ್ರೆಯ ಪಟ್ಟಿಯೊಂದನ್ನು ತೆಗೆದ.

“ಇಷ್ಟೇನಾ! ಇದು ಹಡಗಿನೋರು ತಗೊಳ್ಳೋ ಮಾತ್ರೆ. ಒಂದು ತಗೊಂಡ್ರೆ ಬಿರುಗಾಳಿ ಬಂದ್ರೂ ಹೊಟ್ಟೆ ಅಲುಗಾಡಲ್ಲ.”

“ಅಯ್ಯೋ, ನನಗೆ ಆಗ್ಬೇಕು ಕಣಪ್ಪ! ಆಗ್ದೇ ಇದ್ರೆ ಕೆಲಸ ಹೋಯ್ತು!”

“ಇರ್ಲಿ, ಇಟ್ಕೊಂಡಿರಿ,” ಎಂದು ಅವನು ಪಟ್ಟಿಯನ್ನು ಬಲ ಜೇಬಿಗೆ ತುರುಕಿ ಹೋದ.

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಕವರಣ್ಣ ಕಿಟಕಿಯಿಂದ ಇಣುಕಿದ. ಜೀವ ಬಾಯಿಗೆ ಬಂತು. ಕರಿ ಕಾರು ಬೀದಿಯ ಆ ತುದಿಯಿಂದ ಬಂದಿತ್ತು, ಬಿಳಿ ಕಾರು ಈ ತುದಿಯಿಂದ. ಎರಡೂ ಅವನ ಬಾಗಿಲ ಮುಂದೆ ಮೂಗಿಗೆ ಮೂಗು ತಾಗಿಸಿ ನಿಂತು ಗುರುಗುಟ್ಟುತ್ತಿದ್ದವು. ಎರಡು ಕಂಪನಿಯ ಮಾರಾಟಗಾರರೂ ಟೈ ಕಟ್ಟಿಕೊಂಡು “ನೀವು ಹಿಂದೆ ತಗೊಳ್ಳಿ,” “ನೀವು ತಗೊಳ್ಳಿ,” ಎನ್ನುತ್ತಿದ್ದರು. ಇಡೀ ಬೀದಿ ಗೇಟುಗಳಲ್ಲಿ ನಿಂತಿತ್ತು. ಹೆಡ್‌ಮಾಸ್ತರರು ಮಹಡಿಯಿಂದ ಕುರ್ಚಿಯನ್ನೇ ಇಳಿಸಿಕೊಂಡು ಬಂದಿದ್ದರು. ದರ್ಜಿಯಮ್ಮ ಕತ್ತಿನಲ್ಲಿ ಟೇಪು ಹಾಕಿಕೊಂಡೇ ಬಂದು ಬಾನೆಟ್ಟಿನ ಉದ್ದ ಅಳೆಯುತ್ತಿದ್ದಳು.

ಇವರೆಲ್ಲರ ಮುಂದೆ, ಅಷ್ಟು ದೊಡ್ಡ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ... ಕವರಣ್ಣನ ಕಣ್ಣು ಕತ್ತಲಿಟ್ಟಿತು. ಯಜಮಾನರು, ವ್ಯಾನು, ಹನ್ನೆರಡು ತಿರುವು ಎಲ್ಲ ಎಲ್ಲೋ ದೂರ ಸರಿದವು. ಬೀದಿ ಹತ್ತಿರ ಬಂತು. ಕೈ ತಾನಾಗಿ ಬಲ ಜೇಬಿಗೆ ಹೋಯಿತು. ಒಂದು ಮಾತ್ರೆ ನುಂಗಿದ. ಹೊರಗೆ ಹಾರ್ನು ಕೇಳಿಸಿತು. ನುಂಗಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಂದು ನುಂಗಿದ. ಬಾಗಿಲು ತೆಗೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಮೂರನೆಯದೂ ಒಳಗೆ ಹೋಯಿತು.

ಮೊದಲು ಕರಿ ಕಾರು. ಯಜಮಾನರು ಸ್ಟಿಯರಿಂಗ್ ಚಕ್ರ ಹಿಡಿದರು, ಕರಿ ಕಾರಿನ ಮಾರಾಟಗಾರ ಪಕ್ಕದಲ್ಲಿ ಕೂತ. ಹಿಂದೆ ಕವರಣ್ಣ, ಕೈಯಲ್ಲಿ ಕವರು. ಬೀದಿ ದಾಟಿ ಹೆದ್ದಾರಿಗೆ ಬಂದೊಡನೆ ಯಜಮಾನರು “ಹಿಡ್ಕೋ!” ಎಂದರು. ಏನನ್ನು ಹಿಡಿದುಕೊಳ್ಳಬೇಕೆಂದು ಹೇಳಲಿಲ್ಲ. ಕಾರು ಹಾರಿತು. ಕವರಣ್ಣನ ಬೆನ್ನು ಸೀಟಿನೊಳಗೆ ಹೋಯಿತು, ಕೆನ್ನೆಗಳು ಕಿವಿಯ ಕಡೆಗೆ ಹೋದವು, ಪ್ರಾಣವೊಂದು ಮಾತ್ರ ಹಿಂದಿನ ಸಿಗ್ನಲ್ಲಿನಲ್ಲೇ ಉಳಿಯಿತು. ಅವನು ಕಣ್ಣು ಗಟ್ಟಿಯಾಗಿ ಮುಚ್ಚಿ ಉಸಿರು ಬಿಗಿಹಿಡಿದ. ಬಾಯಿಂದ ಕೂಗೂ ಹೊರಡಲಿಲ್ಲ.

ಮಾರಾಟಗಾರ ಹಿಂತಿರುಗಿ ನೋಡಿ ಗಾಬರಿಗೊಂಡ. ಯಜಮಾನರು ಅವನಿಗೆ ಪರೀಕ್ಷೆಯ ಗುಟ್ಟು ಹೇಳಿರಲಿಲ್ಲ, “ಹಿಂದೆ ಕೂತಿರೋನೇ ತೀರ್ಪು ಕೊಡೋದು” ಎಂದಷ್ಟೇ ಹೇಳಿದ್ದರು.

“ಸಾರ್, ಇಷ್ಟು ವರ್ಷದಲ್ಲಿ ಹೀಗೆ ಕಣ್ಣು ಮುಚ್ಚಿ ಸಸ್ಪೆನ್ಷನ್ ಪರೀಕ್ಷೆ ಮಾಡೋರನ್ನ ನೋಡೇ ಇಲ್ಲ,” ಎಂದು ಪಿಸುಗುಟ್ಟಿದ. “ಎಲ್ಲಿ ಕಲ್ತರು?”

“ನಮ್ಮಲ್ಲೇ,” ಎಂದರು ಯಜಮಾನರು ಹೆಮ್ಮೆಯಿಂದ.

ಕವರಣ್ಣ ಕಣ್ಣು ತೆರೆದಾಗ ಒಂದು ವಿಚಿತ್ರ ಗೊತ್ತಾಯಿತು. ಹೊಟ್ಟೆ ಕಲ್ಲಿನಂತೆ ಕೂತಿತ್ತು. ನಲವತ್ತೇಳು ವರ್ಷದಲ್ಲಿ ಮೊದಲ ಸಲ! ಅರೆಕ್ಷಣ ಖುಷಿಯಾಯಿತು. ಮರುಕ್ಷಣ ಬೀದಿ ದೂರವಾಗಿತ್ತು, ವ್ಯಾನು ಹತ್ತಿರ ಬಂದಿತ್ತು. ಅಯ್ಯೋ, ಮಾತ್ರೆ!

ಬಿಳಿ ಕಾರಿನಲ್ಲಾದರೂ ಆಗಲೇಬೇಕಿತ್ತು. ಕವರಣ್ಣ ತನ್ನ ಕಡೆಯಿಂದ ಯಾವ ಪ್ರಯತ್ನವನ್ನೂ ಬಿಡಲಿಲ್ಲ. ತಲೆ ಕೆಳಗೆ ಹಾಕಿದ. ಓಡುವ ಕಾರಿನಲ್ಲಿ ಕೈಪಿಡಿಯ ಸಣ್ಣ ಅಕ್ಷರ ಓದಿದ. ಹಿಂದಿನ ಗಾಜಿನ ಕಡೆ ತಿರುಗಿ ಮಂಡಿಯೂರಿ ಕೂತ. ಸೀಟು ಮಾತ್ರ ತನ್ನ ಪಾಡಿಗೆ ಅವನ ಮಂಡಿಯನ್ನೇ ಒತ್ತುತ್ತಿತ್ತು. ಬಿಳಿ ಕಾರಿನ ಮಾರಾಟಗಾರ ಬೆವರೊರೆಸಿಕೊಂಡ. “ಎಲ್ಲಾ ಕೋನದಿಂದಾನೂ ನೋಡ್ತಿದಾರೆ. ನಮ್ಮ ಹೊಲಿಗೆ ಗಿಲಿಗೆ ಎಲ್ಲಾದ್ರೂ ಬಿಟ್ಟಿದೆಯಾ ಸಾರ್?” ಎಂದು ಕವರಣ್ಣನನ್ನೇ ಕೇಳಿದ. ಕವರಣ್ಣ ಬಾಯಿ ತೆರೆದ. ಎಲ್ಲರೂ ಉಸಿರು ಹಿಡಿದರು. ಒಂದು ಬಿಕ್ಕಳಿಕೆ ಬಂತು, ಅಷ್ಟೆ.

“ಎರಡೂ ಪಾಸು!” ಯಜಮಾನರು ಚಕ್ರದ ಮೇಲೆ ಗುದ್ದಿದರು. “ನಿನ್ನಂಥೋನಿಗೇ ಆಗ್ಲಿಲ್ಲ ಅಂದ್ರೆ ಅಮ್ಮನಿಗೆ ಎಲ್ಲಿಂದ ಆಗುತ್ತೆ? ನಡಿ, ಅಮ್ಮನ ಕೈಲೇ ಒಂದನ್ನ ಆರಿಸ್ಬಿಡೋಣ. ಹಾಂ, ನಿನ್ನ ಸೋಮವಾರದ ವ್ಯಾನು ಏಳೂ ಕಾಲಿಗೆ.”

ಯಜಮಾನರ ಮನೆಯ ಮುಂದೆ ಎರಡು ಕಾರೂ ನಿಂತವು. ಬಾಗಿಲಲ್ಲೇ ಬೆತ್ತದ ಕುರ್ಚಿಯಲ್ಲಿ ಅವರ ತಾಯಿ ಕೂತಿದ್ದರು. ಎಂಬತ್ತು ವರ್ಷ, ಸಣ್ಣ ದೇಹ, ಕಾರ್ಖಾನೆಯ ಅರ್ಧಕ್ಕಿಂತ ಹೆಚ್ಚು ಪಾಲು ಅವರದೇ. ಎದುರಿಗಿದ್ದವರ ಮುಖವನ್ನು ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ.

“ಅಮ್ಮಾ, ಇವನು ಕವರಣ್ಣ. ಇವನಿಗೂ ನಿನ್ನ ಕಾಯಿಲೇನೇ. ಎರಡು ಕಾರಲ್ಲೂ ಒಂದು ತೊಟ್ಟು ಆಗ್ಲಿಲ್ಲ! ಇನ್ನು ನಿನ್ನ ಯಾವ ನೆಪಾನೂ ನಡೆಯಲ್ಲ,” ಎಂದು ಯಜಮಾನರು ಮಾರಾಟಗಾರರ ಜೊತೆ ಚಕ್ರಗಳ ಅಳತೆ ಚರ್ಚಿಸಲು ಹೊರಗೆ ಹೋದರು.

ಅಮ್ಮನವರು ಕವರಣ್ಣನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವನು ಬೆವರೊರೆಸಲು ಬಲ ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆಗೆ ಮಾತ್ರೆಯ ಪಟ್ಟಿಯೂ ಬಿತ್ತು, ನೇರವಾಗಿ ಅಮ್ಮನವರ ಪಾದದ ಹತ್ತಿರ.

“ಮೂರೂ ಖಾಲಿ,” ಎಂದರು ಅಮ್ಮನವರು ಅದನ್ನು ಬೆಳಕಿಗೆ ಹಿಡಿದು. “ಏನಿದು?”

ಕವರಣ್ಣ ದೊಪ್ಪನೆ ನೆಲದ ಮೇಲೆ ಕೂತ. “ಅಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ. ಬೀದಿಯೋರೆಲ್ಲ ನೋಡ್ತಿದ್ರು, ಭಯ ಆಯ್ತು, ನುಂಗ್ಬಿಟ್ಟೆ. ಹಳೇ ಜಾಗದಲ್ಲೇ ಉಳಿಸ್ಕೊಳ್ಳಿ ಅಂತ ಕೊಟ್ಟ ಅರ್ಜಿ ಹೋಯ್ತು, ಈಗ ವ್ಯಾನ್ ಹತ್ಬೇಕು. ದಿನಾ ಇಪ್ಪತ್ನಾಲ್ಕು ತಿರುವು. ನಾನು ಸತ್ತೇ ಹೋಗ್ತೀನಿ.”

ಅಮ್ಮನವರು ಹೊರಗೆ ಮಗ ಇರುವ ದೂರವನ್ನು ಅಳೆದು ನೋಡಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

“ಅಳ್ಬೇಡ. ಒಂದು ಮಾತು ಹೇಳ್ತೀನಿ, ಎಲ್ಲೂ ಬಾಯಿಬಿಡ್ಬಾರ್ದು. ನನಗೆ ವಾಂತಿ ಗೀಂತಿ ಏನೂ ಇಲ್ಲ. ಭಯ ಕಣೋ. ಹನ್ನೊಂದು ವರ್ಷದ ಹಿಂದೆ ಇವನು ನನ್ನ ಕೂರಿಸ್ಕೊಂಡು ಎರಡು ಲಾರಿ ನಡುವೆ ನುಗ್ಗಿಸ್ದ. ಅವತ್ತು ಕಣ್ಣು ಮುಚ್ಚಿದೋಳು ಮನೆಗೆ ಬಂದ ಮೇಲೇ ತೆಗೆದದ್ದು. ಭಯ ಆಗುತ್ತೆ ಅಂದ್ರೆ ನಗ್ತಾನೆ, ಇನ್ನೂ ಜೋರಾಗಿ ಓಡಿಸ್ತಾನೆ. ವಾಂತಿ ಆಗುತ್ತೆ ಅಂದ್ರೆ ಸೀಟು ಹಾಳಾಗುತ್ತೆ ಅಂತ ಸುಮ್ನಾಗ್ತಾನೆ.”

ಕವರಣ್ಣ ಬೆರಗಾಗಿ ನೋಡಿದ. ಇಷ್ಟು ದೊಡ್ಡವರಿಗೂ ಭಯ! ತನ್ನ ಜಾತಿಯ ಜೀವ ಇನ್ನೊಂದು ಈ ಲೋಕದಲ್ಲಿ ಇದೆಯೆಂದು ಅವನಿಗೆ ಬಹಳ ಸಮಾಧಾನವಾಯಿತು.

“ಈಗ ನಿನ್ನಿಂದ ನನ್ನ ನೆಪಾನೂ ಹೋಯ್ತು,” ಎಂದರು ಅಮ್ಮನವರು. “ಬೆರಳು ಹಾಕಿ ನೋಡು.”

“ಬಿಳೀ ಕಾರಲ್ಲೇ ಹಾಕಿ ನೋಡ್ದೆ. ಬಿಕ್ಕಳಿಕೆ ಬರುತ್ತೆ.”

ಅಮ್ಮನವರ ತುಟಿಯ ಮೂಲೆಯಲ್ಲಿ ಏನೋ ಅಲುಗಾಡಿತು. “ನಿನ್ನ ಹತ್ರ ಕವರು ಎಷ್ಟಿದೆ?”

“ಮೂರು.”

“ಸಾಕು. ಕೈ ಕೊಡು, ಏಳ್ಬೇಕು.”

ಹೊರಗೆ ಬಂದು ಅಮ್ಮನವರು ಘೋಷಿಸಿದರು. “ಬೆಟ್ಟದ ಮೇಲೆ ಹೋಗೋಣ. ಹತ್ತುವಾಗ ಕರೀದು, ಇಳಿಯುವಾಗ ಬಿಳೀದು. ನಾನೂ ಬರ್ತೀನಿ.” ಯಜಮಾನರು ಸಂತೋಷದಿಂದ ಕೀಲಿಗೆ ಕೈಚಾಚಿದರು. “ನೀನಲ್ಲ. ನಿನ್ನ ಪದ್ಧತಿ ಅಂದ್ರೆ ಪದ್ಧತಿ. ಹಾಸಿಗೆ ಮೇಲೆ ಮಲಗದೇ ಹಾಸಿಗೆ ಮಾರ್ತೀಯಾ? ಹಿಂದಿನ ಸೀಟಿನ ಪರೀಕ್ಷೆ ಅಂದ್ರೆ ನೀನೂ ಹಿಂದೆ ಕೂತ್ಕೋ. ಆ ಟೈ ಹುಡುಗ ಓಡಿಸ್ಲಿ.”

ಹಿಂದಿನ ಸೀಟಿನಲ್ಲಿ ಎಡಕ್ಕೆ ಅಮ್ಮನವರು, ಬಲಕ್ಕೆ ಕವರಣ್ಣ, ನಡುವೆ ಯಜಮಾನರು. ಬಿಳಿ ಕಾರು ಹಿಂದೆ ಬರುತ್ತಿತ್ತು. ಮೊದಲ ಎರಡು ತಿರುವುಗಳವರೆಗೆ ಯಜಮಾನರು ಗಾಳಿಯ ಸಸ್ಪೆನ್ಷನ್ನಿನ ಬಗ್ಗೆ ಮಾತಾಡಿದರು. ಮೂರನೆಯದರಲ್ಲಿ ವಾಕ್ಯ ಅರ್ಧಕ್ಕೆ ನಿಂತಿತು. ನಾಲ್ಕನೆಯದರಲ್ಲಿ ಕೊರಳ ಗುಂಡಿ ಬಿಚ್ಚಿದರು. ಅಮ್ಮನವರು ಕಣ್ಣು ಮುಚ್ಚಿ ಕವರಣ್ಣನಿಗೆಂದು ಕೈ ಚಾಚಿದ್ದರು, ಅದು ಮಗನ ಮಡಿಲ ಮೇಲಿನಿಂದ ಹಾದುಹೋಗಿತ್ತು. ಕವರಣ್ಣ ಆ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದ. ಹೆದರಿಕೆಯೆಂದರೆ ನಿಜವಾದ ಹೆದರಿಕೆ. ಕಿಟಕಿಯಾಚೆ ಬರೀ ಆಕಾಶ ಕಾಣುತ್ತಿತ್ತು.

ಮಾರಾಟಗಾರ ಇದೇ ತಕ್ಕ ಸಮಯವೆಂದು ಒಂದು ಗುಂಡಿ ಒತ್ತಿದ. “ಇದು ಸ್ಪೋರ್ಟ್ ಮೋಡ್ ಸಾರ್!”

ಏಳನೆಯ ತಿರುವಿನಲ್ಲಿ ಯಜಮಾನರು ಒಂದು ವಿಚಿತ್ರ ಸದ್ದು ಮಾಡಿದರು. ಆ ಸದ್ದನ್ನು ಗುರುತಿಸಬಲ್ಲ ತಜ್ಞ ಊರಿಗೆಲ್ಲ ಒಬ್ಬನೇ ಇದ್ದ, ಅವನು ಪಕ್ಕದಲ್ಲೇ ಕೂತಿದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ಎಡ ಜೇಬಿನ ಕವರು ಬಿಚ್ಚಿಕೊಂಡು ಯಜಮಾನರ ಬಾಯಿಯ ಕೆಳಗಿತ್ತು. ಸೀಟಿಗೆ ಒಂದು ಹನಿ ಬೀಳಲಿಲ್ಲ.

“ಹಾಂ,” ಎಂದರು ಅಮ್ಮನವರು ಕಣ್ಣು ತೆರೆಯದೆಯೇ. “ತೊಟ್ಟಿಲು ತೂಗಿದ್ರೂ ಕಕ್ಕೋನು ಇವನು. ಅದಕ್ಕೇ ಹದಿನೆಂಟನೇ ವರ್ಷಕ್ಕೇ ಓಡಿಸೋದು ಕಲ್ತ. ಚಕ್ರ ಕೈಲಿದ್ರೆ ಇವನಿಗೆ ಏನೂ ಆಗಲ್ಲ, ಆಗೋದೆಲ್ಲ ಹಿಂದೆ ಕೂತೋರಿಗೆ.”

ಬೆಟ್ಟದ ತುದಿಯಲ್ಲಿ ಎಲ್ಲರೂ ಇಳಿದರು. ಯಜಮಾನರು ಬಾನೆಟ್ಟಿಗೆ ಆತುಕೊಂಡು ನಿಂತರು, ಮುಖ ಬಿಳಿ ಕಾರಿನ ಬಣ್ಣಕ್ಕಿತ್ತು. ಇಳಿಯುವಾಗ ಬಿಳಿ ಕಾರಿನಲ್ಲಿ ಎರಡೇ ತಿರುವು ಇಳಿದರು. ಎರಡನೆಯ ಕವರೂ ಖರ್ಚಾಯಿತು. ಮೂರು ತಿಂಗಳು ಪುಸ್ತಕ ಓದಿ ಬಗೆಹರಿಯದಿದ್ದ ತುಲನೆ ಅಲ್ಲಿಗೆ ಮುಗಿಯಿತು. ಎರಡೂ ಕಾರು ಸಮ ಸಮ.

“ಅರ್ಜಿ ಎಲ್ಲಿ?” ಎಂದರು ಅಮ್ಮನವರು. ಕವರಣ್ಣ ಅಂಗಿಯ ಜೇಬಿನಿಂದ ನಕಲು ಪ್ರತಿ ತೆಗೆದ.

“ಅವನಿಗೆ... ಅವನಿಗೆ ಆಗ್ಲೇ ಇಲ್ಲವಲ್ಲಮ್ಮ,” ಯಜಮಾನರು ಕ್ಷೀಣವಾಗಿ ಹೇಳಿದರು.

“ಕಾರಿನ ಮಾತು ಬಿಡು. ರಸ್ತೆ ಫೇಲು. ಕಾಯಿಲೆ ಇರೋನ ಮೇಲೇ ಪರೀಕ್ಷೆ ಮಾಡ್ಬೇಕು ಅಂತ ಹೇಳಿದೋನು ನೀನು. ಐನೂರು ಕುದುರೆ ಕಾರಲ್ಲೇ ನಿನಗೆ ಹೀಗಾಯ್ತು. ಇನ್ನು ವ್ಯಾನಿನ ಹಿಂದಿನ ಸೀಟಲ್ಲಿ ನೌಕರರೆಲ್ಲ ದಿನಾ ಹೇಗೆ ಬರ್ತಾರೆ? ಆಫೀಸು, ಉಗ್ರಾಣ ಎಲ್ಲ ಹಳೇ ಜಾಗದಲ್ಲೇ ಇರುತ್ತೆ. ಹಾಕು ರುಜು.”

ಯಜಮಾನರು ಬಿಳಿ ಬಾನೆಟ್ಟಿನ ಮೇಲೆ ಕಾಗದವಿಟ್ಟು ರುಜು ಹಾಕಿದರು. ಅಕ್ಷರ ಸ್ವಲ್ಪ ಅಲುಗಾಡಿತ್ತು, ಆದರೆ ಕಾನೂನಿಗೆ ಸಾಕಾಗಿತ್ತು.

ಮಿಕ್ಕ ಹತ್ತು ತಿರುವುಗಳನ್ನು ಯಜಮಾನರು, “ನಾನು ಇನ್ನು ಒಳಗೆ ಕೂರಲ್ಲ” ಎಂದು ನಡೆದೇ ಇಳಿದರು, ಕವರಣ್ಣನೂ ನಡೆದ. ಮಗನ ಕೈಗೆ ಕೀಲಿ ಕೊಡಲು ಅಮ್ಮನವರು ಒಪ್ಪಲಿಲ್ಲ. ಅವರೊಬ್ಬರೇ ಹಿಂದೆ ಇಳಿದುಬಂದಿದ್ದ ಕರಿ ಕಾರಿನ ಹಿಂದಿನ ಸೀಟಿಗೆ ಹೋಗಿ ಕೂತು, ಮುಂದೆ ನಡೆಯುತ್ತಿದ್ದ ಕವರಣ್ಣನನ್ನು ತೋರಿಸಿ ಮಾರಾಟಗಾರನಿಗೆ ಹೇಳಿದರು. “ಅವನನ್ನ ದಾಟ್ಬಾರ್ದು.” ನಾಲ್ಕು ಸೆಕೆಂಡಿಗೆ ನೂರು ಮುಟ್ಟುವ ಕಾರು ಮುಕ್ಕಾಲು ಗಂಟೆಯಲ್ಲಿ ಬೆಟ್ಟ ಇಳಿಯಿತು. ಕೆಳಗೆ ಬಂದಾಗ ಅಮ್ಮನವರ ಕಣ್ಣು ಅಗಲವಾಗಿ ತೆರೆದಿತ್ತು.

“ಚೆನ್ನಾಗಿದೆ ಕಣೋ ಈ ಕಾರು,” ಎಂದರು. “ತಗೋ.”

ಈಗ ದಿನಾ ಬೆಳಿಗ್ಗೆ ಒಂಬತ್ತೂ ಕಾಲಿಗೆ ಕರಿ ಕಾರು ಕವರಣ್ಣನ ಮನೆ ಮುಂದೆ ಬಂದು ನಿಲ್ಲುತ್ತದೆ. ಮುಂದೆ ಡ್ರೈವರು, ಹಿಂದಿನ ಸೀಟಿನಲ್ಲಿ ಅಮ್ಮನವರು. ಹನ್ನೊಂದು ವರ್ಷದ ಮೇಲೆ ಅವರು ಕಾರ್ಖಾನೆಗೆ ಬಂದು ಮಗನ ಎದುರಿನ ಕುರ್ಚಿಯಲ್ಲಿ ಕೂರಲು ಶುರುಮಾಡಿದ್ದಾರೆ, ಯಜಮಾನರಿಗೆ ಈಗ ಅದೇ ಭಯ. ಕವರಣ್ಣ ಗೇಟು ತೆಗೆದು ಕಾರಿನ ಮುಂದೆ ನಡೆಯುತ್ತಾನೆ, ಕಾರು ಅವನ ಹಿಂದೆ ಬರುತ್ತದೆ. ಅವನೇ ಅದರ ವೇಗದ ಮಿತಿ. ಅದು ಅವನ ಕಾರಲ್ಲವೆಂದು ಯಾರೆಷ್ಟು ಹೇಳಿದರೂ ಬೀದಿಯವರಿಗೆ ನಂಬಿಕೆಯಿಲ್ಲ.

“ಅಷ್ಟು ದೊಡ್ಡ ಕಾರು ತಗೊಂಡು ಅದರ ಮುಂದೆ ನಡ್ಕೊಂಡು ಹೋಗ್ತಾನಲ್ರೀ!” ಎನ್ನುತ್ತಾಳೆ ದರ್ಜಿಯಮ್ಮ.

“ಮೈಲೇಜ್ ಬಗ್ಗೆ ನಾನು ಮೊದಲೇ ಹೇಳಿದ್ದೆ,” ಎನ್ನುತ್ತಾರೆ ಹೆಡ್‌ಮಾಸ್ತರರು.

ಕವರಣ್ಣನಿಗೆ ಇದ್ಯಾವುದೂ ಕೇಳಿಸುವುದಿಲ್ಲ. ವ್ಯಾನು ಹೋಯಿತು, ಬೆಟ್ಟ ಹೋಯಿತು, ಬೀದಿಯ ನಾಲಿಗೆಯೂ ಹಿಂದೆ ಬಿತ್ತು. ಈಗ ಅವನಿಗೆ ಹತ್ತಿರವಿರುವುದು ಬೆನ್ನಿಗೆ ಒಂದೇ ಮೊಳ ದೂರದಲ್ಲಿ ಗುರುಗುಟ್ಟುತ್ತ ಬರುವ ಐನೂರು ಕುದುರೆಗಳು. ಹದಿನೆಂಟು ನಿಮಿಷದ ದಾರಿಯನ್ನು ಅವನು ಈಗ ಹನ್ನೊಂದರಲ್ಲಿ ಮುಗಿಸುತ್ತಾನೆ.